ಶಿರನುಯಿ ಕಡಲಿನ ಬಿಳಿ ಹಾಯಿಗಳು

ಜಪಾನಿನ ಕ್ಯೂಶೂ ದ್ವೀಪದ ಪಶ್ಚಿಮಕ್ಕೆ, ಅಮಾಕುಸಾ ದ್ವೀಪಗಳ ಮರೆಯಲ್ಲಿ ಶಿರನುಯಿ ಎಂಬ ಒಳಗಡಲು ಇದೆ. ಸುತ್ತಲೂ ನೆಲ ಇರುವುದರಿಂದ ಅಲ್ಲಿ ಅಲೆಗಳ ಅಬ್ಬರವಿಲ್ಲ. ಒಂದು ಕಾಲಕ್ಕೆ ಅಶಿಕಿತಾ ತೀರದಿಂದ ಉತಾಸೆ ಎಂಬ ಹಾಯಿದೋಣಿಗಳು ಸಾಲುಸಾಲಾಗಿ ಕಡಲಿಗಿಳಿಯುತ್ತಿದ್ದವು. ಮೈತುಂಬ ಬಿಳಿ ಹಾಯಿ. ಯಂತ್ರದ ಸದ್ದಿಲ್ಲ. ಗಾಳಿ ದೋಣಿಯನ್ನು ಅಡ್ಡಡ್ಡವಾಗಿ ತಳ್ಳಿದಂತೆಲ್ಲ ಬಲೆ ಕಡಲ ತಳವನ್ನು ಸವರುತ್ತ ಹಿಂದೆ ಬರುತ್ತಿತ್ತು, ಸಿಗಡಿ ತುಂಬಿಕೊಳ್ಳುತ್ತಿತ್ತು. ಈಗ ಉಳಿದಿರುವವು ಬೆರಳೆಣಿಕೆಯಷ್ಟು. ಅವೂ ಹೆಚ್ಚಾಗಿ ಪ್ರವಾಸಿಗರನ್ನು ಕೂರಿಸಿಕೊಂಡು ತಿರುಗಾಡುತ್ತವೆ.

ಅದೇ ಕಡಲಲ್ಲಿ ಹಳೆಯ ಪಂಚಾಂಗದ ಎಂಟನೇ ತಿಂಗಳ ಮೊದಲ ದಿನ, ಬೆಳಕು ಹರಿಯುವ ಮೊದಲು, ದೂರದ ನೀರಿನ ಮೇಲೆ ದೀಪಗಳ ಸಾಲು ಕಾಣುತ್ತಿತ್ತಂತೆ. ಮೀನುಗಾರರ ದೀಪಗಳೇ ಗಾಳಿಯ ಪದರಗಳಲ್ಲಿ ಬಾಗಿ ಹಾಗೆ ಕಾಣುತ್ತಿದ್ದವು ಎಂದು ಆಮೇಲೆ ತಿಳಿದವರು ವಿವರಿಸಿದರು. ದಡದ ಕೆಸರುಬಯಲನ್ನು ಮುಚ್ಚಿ ನೆಲ ಮಾಡಿಕೊಂಡ ಮೇಲೆ, ಊರೂರಿಗೆ ವಿದ್ಯುತ್ ದೀಪ ಬಂದ ಮೇಲೆ, ಆ ನೋಟವೂ ಅಪರೂಪವಾಯಿತು.

ಕಾರವಾರದ ಕಡಲು ನೋಡುತ್ತ ಬೆಳೆದವನು ನಾನು. ಶಿರನುಯಿ ಬಗ್ಗೆ ಓದುವಾಗೆಲ್ಲ ಪರದೇಶದ ಕಥೆ ಓದುತ್ತಿದ್ದೇನೆ ಅನ್ನಿಸುವುದೇ ಇಲ್ಲ. ಅಲ್ಲಿ ಕೊಲ್ಲಿಯ ಹೆಸರು ಮಿನಮಾಟ, ಅಷ್ಟೇ ವ್ಯತ್ಯಾಸ. ಇಳಿತದ ಹೊತ್ತಿಗೆ ಹೆಂಗಸರು, ಮಕ್ಕಳು ಬುಟ್ಟಿ ಹಿಡಿದು ಚಿಪ್ಪು ಆಯಲು ಇಳಿಯುತ್ತಿದ್ದರು. ನಮ್ಮಲ್ಲೂ ಬಳಚು ಆಯಲು ಹಾಗೆಯೇ ಇಳಿಯುತ್ತಾರೆ. ಅನ್ನಕ್ಕೆ ಕೊರತೆ ಬಿದ್ದ ದಿನವೂ ಅಲ್ಲಿ ಮೀನಿಗೆ ಕೊರತೆಯಿರಲಿಲ್ಲ. ಬಡವರ ಮನೆಯಲ್ಲೇ ಮೀನು ಹೆಚ್ಚು ಬೇಯುತ್ತಿತ್ತು. ಮುಂದೆ ವಿಷವೂ ಆ ಮನೆಗಳನ್ನೇ ಮೊದಲು ಹುಡುಕಿಕೊಂಡು ಬಂದದ್ದು ಅದಕ್ಕೇ.

ಚಿಸ್ಸೊ ಕಂಪನಿಯ ಕಾರ್ಖಾನೆ ಮಿನಮಾಟದಲ್ಲಿ 1932ರಿಂದ ಅಸಿಟಾಲ್ಡಿಹೈಡ್ ತಯಾರಿಸತೊಡಗಿತು. ಅದಕ್ಕೆ ಪಾದರಸದ ಲವಣ ಬೇಕು. ಆ ಪ್ರಕ್ರಿಯೆಯಲ್ಲೇ ಪಾದರಸದ ಒಂದಿಷ್ಟು ಪಾಲು ಮೀಥೈಲ್ ಪಾದರಸವಾಗಿ ಬದಲಾಗಿ ತ್ಯಾಜ್ಯದ ನೀರಿನೊಂದಿಗೆ ಹ್ಯಾಕ್ಕೆನ್ ಕಾಲುವೆಯಿಂದ ಕೊಲ್ಲಿಗೆ ಇಳಿಯಿತು. 1968ರವರೆಗೆ ಹೀಗೆ ಕಡಲಿಗೆ ಸೇರಿದ ಪಾದರಸ ಒಟ್ಟು 70ರಿಂದ 150 ಟನ್ ಎಂಬ ಅಂದಾಜಿದೆ. ಕೆಸರಿನಿಂದ ಹುಳುವಿಗೆ, ಹುಳುವಿನಿಂದ ಸಣ್ಣ ಮೀನಿಗೆ, ಸಣ್ಣದರಿಂದ ದೊಡ್ಡದಕ್ಕೆ ಏರುತ್ತ ಅದು ಸಾಂದ್ರವಾಯಿತು.

ಮೊದಲು ಹೋದದ್ದು ಬೆಕ್ಕುಗಳು. 1954ರ ಆಗಸ್ಟ್‌ನಲ್ಲಿ ಸ್ಥಳೀಯ ಪತ್ರಿಕೆಯೊಂದರಲ್ಲಿ ಪುಟ್ಟ ಸುದ್ದಿ ಬಂತು: ಮೊದೋ ಎಂಬ ಮೀನುಗಾರರ ಹಳ್ಳಿಯಲ್ಲಿ ಬೆಕ್ಕುಗಳೆಲ್ಲ ಹುಚ್ಚೆದ್ದು ಸತ್ತು, ಇಲಿಗಳ ಕಾಟ ವಿಪರೀತವಾಗಿದೆ, ಏನಾದರೂ ಮಾಡಿ ಎಂದು ಜನ ನಗರಸಭೆಗೆ ಮೊರೆಯಿಟ್ಟಿದ್ದಾರೆ. ಬಲೆ ಇರುವ ಮನೆಗೆ ಬೆಕ್ಕು ಎಷ್ಟು ಮುಖ್ಯ ಎಂಬುದು ಕರಾವಳಿಯವರಿಗೆ ಹೇಳಬೇಕಿಲ್ಲ. ಆ ಸುದ್ದಿ ಓದಿದವರು ಇಲಿಯ ಕಡೆ ನೋಡಿದರು. ಬೆಕ್ಕು ಯಾಕೆ ಸತ್ತಿತು ಎಂದು ಕೇಳಲಿಲ್ಲ. 1956ರ ಮೇ 1ರಂದು ಕಾರ್ಖಾನೆಯದೇ ಆಸ್ಪತ್ರೆಯ ವೈದ್ಯ ಹೊಸೊಕಾವಾ ಹಾಜಿಮೆ ಅವರ ಕಡೆಯಿಂದ ಆರೋಗ್ಯ ಕೇಂದ್ರಕ್ಕೆ ವರದಿ ಹೋಯಿತು. ಕಾರಣ ತಿಳಿಯದ ನರರೋಗ, ಮಕ್ಕಳ ಕೈಕಾಲು ಸ್ವಾಧೀನದಲ್ಲಿಲ್ಲ, ಮಾತು ತೊದಲುತ್ತಿದೆ. ಮಿನಮಾಟ ರೋಗದ ಅಧಿಕೃತ ಲೆಕ್ಕ ಶುರುವಾಗುವುದು ಅಂದಿನಿಂದ.

ನನ್ನನ್ನು ಬಹಳ ಕಾಡುವುದು ಒಂದು ಸಣ್ಣ ವಿಷಯ. ಅಮ್ಮ ಮೀನು ಕೊಳ್ಳುವಾಗ ಕಿವಿರು ಎತ್ತಿ ನೋಡುತ್ತಿದ್ದಳು. ಕೆಂಪಾಗಿರಬೇಕು. ಕಣ್ಣು ತಿಳಿಯಾಗಿರಬೇಕು. ಬೆರಳಿನಿಂದ ಒತ್ತಿದರೆ ಗುಳಿ ಬೀಳಬಾರದು. ಮೀನು ಮಾರುವವಳ ಬಾಯಿಮಾತಿಗಿಂತ ಅವಳಿಗೆ ತನ್ನ ಬೆರಳ ಮೇಲೆ ನಂಬಿಕೆ. ಈ ವಿದ್ಯೆ ಅವಳಿಗೆ ಅವಳಮ್ಮನಿಂದ ಬಂದದ್ದು. ಮಿನಮಾಟದ ತಾಯಂದಿರಿಗೂ ಈ ವಿದ್ಯೆ ಗೊತ್ತಿತ್ತು. ಆದರೆ ಆ ಮೀನುಗಳ ಕಿವಿರು ಕೆಂಪಾಗಿಯೇ ಇತ್ತು, ಕಣ್ಣು ತಿಳಿಯಾಗಿಯೇ ಇತ್ತು, ರುಚಿಯೂ ಕೆಟ್ಟಿರಲಿಲ್ಲ. ತಲೆಮಾರುಗಳಿಂದ ಕೈಗೆ ಕೈ ದಾಟಿ ಬಂದ ಅರಿವು ಒಂದೇ ತಲೆಮಾರಿನಲ್ಲಿ ಕೆಲಸಕ್ಕೆ ಬಾರದಾಯಿತು. ಬಸುರಿಯರು ಶಕ್ತಿ ಬರಲಿ ಎಂದು ತಿಂದ ಮೀನು ಹೊಟ್ಟೆಯೊಳಗಿನ ಕೂಸಿಗೆ ವಿಷ ತಲುಪಿಸಿತು. ಕಡಲು ಕೊಟ್ಟದ್ದನ್ನು ಕೇಳದೆ ಉಣ್ಣುವ ಆ ನಂಬಿಕೆ ಹೋಯಿತಲ್ಲ, ಅದನ್ನು ಯಾವ ನ್ಯಾಯಾಲಯವೂ ಪರಿಹಾರದ ಪಟ್ಟಿಗೆ ಸೇರಿಸಲಾರದು.

ಉಳಿದ ಕಥೆ ಕಡತಗಳದ್ದು. ಕಾರ್ಖಾನೆ 1958ರಲ್ಲಿ ತ್ಯಾಜ್ಯವನ್ನು ಮಿನಮಾಟ ನದಿಯ ಮುಖಕ್ಕೆ ತಿರುಗಿಸಿತು, ರೋಗ ಆ ದಿಕ್ಕಿಗೂ ಹರಡಿತು. 1959ರಲ್ಲಿ ಹೊಸೊಕಾವಾ ಕಾರ್ಖಾನೆಯ ತ್ಯಾಜ್ಯವನ್ನು ಬೆಕ್ಕೊಂದಕ್ಕೆ ಉಣಿಸಿ ಅದೇ ರೋಗ ಬಂದದ್ದನ್ನು ಕಂಡರು, ಕಂಪನಿ ಅದನ್ನು ಮುಚ್ಚಿಟ್ಟಿತು. ಅದೇ ವರ್ಷದ ಕೊನೆಗೆ ಚಿಸ್ಸೊ ರೋಗಿಗಳಿಗೆ ಅನುಕಂಪದ ಹಣವೆಂದು ಚಿಲ್ಲರೆ ಮೊತ್ತ ಕೊಟ್ಟು, ಮುಂದೆ ತಪ್ಪು ನಮ್ಮದೆಂದು ಸಾಬೀತಾದರೂ ಹೆಚ್ಚು ಕೇಳುವಂತಿಲ್ಲ ಎಂದು ಸಹಿ ಹಾಕಿಸಿಕೊಂಡಿತು. ಸರ್ಕಾರ ಒಪ್ಪಿಕೊಂಡದ್ದು 1968ರ ಸೆಪ್ಟೆಂಬರ್‌ನಲ್ಲಿ, ಅಸಿಟಾಲ್ಡಿಹೈಡ್ ತಯಾರಿಕೆ ನಿಂತು ಕೆಲವು ತಿಂಗಳಾದ ಮೇಲೆ. ಅಷ್ಟರಲ್ಲಿ ನೀಗಾತಾದಲ್ಲಿ ಬೇರೊಂದು ಕಂಪನಿಯಿಂದ ಅದೇ ರೋಗ ಮತ್ತೆ ಕಾಣಿಸಿಕೊಂಡಿತ್ತು. ಮಿನಮಾಟ ಭಾಗದಲ್ಲಿ ಸರ್ಕಾರ ರೋಗಿಗಳೆಂದು ಅಧಿಕೃತವಾಗಿ ಗುರುತಿಸಿದ್ದು 2,200ಕ್ಕೂ ಹೆಚ್ಚು ಮಂದಿಯನ್ನು. ಸರ್ಕಾರ ಗುರುತಿಸಲು ನಿರಾಕರಿಸಿದವರ ಸಂಖ್ಯೆ ಅದರ ಎಷ್ಟೋ ಪಟ್ಟು.

ತ್ಸುಚಿಮೊತೊ ನೊರಿಆಕಿ 1971ರಲ್ಲಿ ಈ ಜನರ ಬಗ್ಗೆ ಕಪ್ಪುಬಿಳುಪಿನ ಸಾಕ್ಷ್ಯಚಿತ್ರ ಮಾಡಿದರು. ಅದರಲ್ಲಿ ಒಬ್ಬ ಮುದುಕ ಆಳವಿಲ್ಲದ ನೀರಿನಲ್ಲಿ ಬಾಗಿ ನಡೆಯುತ್ತ ಅಷ್ಟಪದಿ ಹಿಡಿಯುತ್ತಾನೆ. ಸಿಕ್ಕಿದ್ದನ್ನು ಹಲ್ಲಿನಿಂದ ಕಚ್ಚಿ ಕೊಲ್ಲುತ್ತಾನೆ. ಆ ಮುಖದಲ್ಲಿರುವ ಸಡಗರ ನೋಡಬೇಕು. ವಿಷದ ಕಡಲೆಂದು ಲೋಕಕ್ಕೆಲ್ಲ ಗೊತ್ತಾದ ಮೇಲೂ ಅವನಿಗೆ ಕಡಲಿನ ಮೇಲೆ ಸಿಟ್ಟಿಲ್ಲ. ಮೊದೋ ಹಳ್ಳಿಯ ಸುಗಿಮೊತೊ ಎಯ್ಕೊ ಕೂಡ ಹಾಗೆಯೇ. ತಾನೂ ರೋಗಿ, ತಂದೆತಾಯಿಯೂ ರೋಗಿಗಳು. ನೆರೆಯವರು ಮುಖ ತಿರುಗಿಸಿದರು, ಏಕೆಂದರೆ ರೋಗದ ಸುದ್ದಿ ಹರಡಿದರೆ ಹಳ್ಳಿಯ ಮೀನೇ ಮಾರಾಟವಾಗದು. ಬಲೆಗೆ ತಾನಾಗಿ ಬಂದ ಮೀನನ್ನು ಕಡಲು ಕೊಟ್ಟದ್ದೆಂದು ಸ್ವೀಕರಿಸುವ ಹಾಗೆ ಈ ನೋವನ್ನೂ ಸ್ವೀಕರಿಸು ಎಂದು ತಂದೆ ಕಲಿಸಿದ್ದನ್ನು ಅವರು ಶಾಲಾ ಮಕ್ಕಳ ಮುಂದೆ ಹೇಳುತ್ತಿದ್ದರು. 2008ರಲ್ಲಿ ಅವರು ಹೋದರು. ಈ ಜನರ ಬದುಕನ್ನು ಅವರದೇ ಆಡುನುಡಿಯಲ್ಲಿ ಬರೆದ ಇಶಿಮುರೆ ಮಿಚಿಕೊ 2018ರಲ್ಲಿ ಹೋದರು. ರೋಗಿಗಳ ಮನೆಮನೆ ಸುತ್ತಿದ ವೈದ್ಯ ಹರಾದಾ ಮಸಾಜುಮಿ 2012ರಲ್ಲೇ ಹೋಗಿದ್ದರು.

ಕೊಲ್ಲಿಯ ತಳದಲ್ಲಿ ವಿಷದ ಕೆಸರು ಕೆಲವು ಕಡೆ 4 ಮೀಟರ್ ದಪ್ಪ ಕೂತಿತ್ತು. 1977ರಿಂದ 1990ರವರೆಗೆ ಸುಮಾರು 15 ಲಕ್ಷ ಘನ ಮೀಟರ್ ಕೆಸರನ್ನು ನಿಭಾಯಿಸಿದರು. ಕೊಲ್ಲಿಯ ಒಳಭಾಗಕ್ಕೆ ಉಕ್ಕಿನ ತಡೆಗೋಡೆ ಹಾಕಿ, ಹೊರಗಿನ ಕೆಸರನ್ನು ಹೀರಿ ತಂದು ಅದರೊಳಗೆ ತುಂಬಿ, ಮೇಲೆ ಒಳ್ಳೆಯ ಮಣ್ಣು ಹೊದಿಸಿದರು. ವಿಷದ ಮೀನು ಹೊರಗೆ ಹೋಗದಂತೆ 1974ರಲ್ಲಿ ಕೊಲ್ಲಿಯ ಬಾಯಿಗೆ ಕಟ್ಟಿದ ಬಲೆ ಕಳಚಿದ್ದು 1997ರಲ್ಲಿ. ಹಿಡಿದ ಮೀನನ್ನು ಡ್ರಮ್‌ಗಳಲ್ಲಿ ಮುಚ್ಚಿ ಅದೇ ನೆಲದಡಿ ಹೂತರು. ಹೀಗೆ ಹುಟ್ಟಿದ 58 ಹೆಕ್ಟೇರ್ ನೆಲ ಈಗ ಉದ್ಯಾನ. ಹುಲ್ಲು, ಮರ, ಆಟದ ಬಯಲು. ಕಡಲಿನ ಅಂಚಿಗೆ, ರೋಗಿಗಳೂ ಅವರ ಜೊತೆಯವರೂ ಕೈಯಾರೆ ಕೆತ್ತಿದ ಪುಟ್ಟ ಕಲ್ಲಿನ ಬುದ್ಧಮೂರ್ತಿಗಳು ನಿಂತಿವೆ.

ಆ ಕೆಲಸವನ್ನು ನಾನು ಹಗುರವಾಗಿ ಕಾಣುವುದಿಲ್ಲ. ಕೊಲ್ಲಿಯ ಮೀನು ಇಂದು ತಿನ್ನಬಹುದು, ಅದು ದೊಡ್ಡ ಗೆಲುವು. ಆದರೆ ವಿಷ ಎಲ್ಲೂ ಹೋಗಿಲ್ಲ. ಪಾದರಸ ಮೂಲಧಾತು, ಕೊಳೆತು ಇಲ್ಲವಾಗುವ ವಸ್ತುವಲ್ಲ. ಹುಲ್ಲಿನ ಕೆಳಗೆ ಅದು ಹಾಗೆಯೇ ಇದೆ, ಅದನ್ನು ಕಡಲಿನಿಂದ ಬೇರೆ ಮಾಡಿರುವುದು ಉಕ್ಕಿನ ಗೋಡೆ. ಕಟ್ಟುವಾಗ ಅದಕ್ಕೆ ಸುಮಾರು 50 ವರ್ಷದ ಆಯುಸ್ಸು ಲೆಕ್ಕ ಹಾಕಿದ್ದರು. ಉಪ್ಪುನೀರು ಉಕ್ಕನ್ನು ಏನು ಮಾಡುತ್ತದೆ ಎಂಬುದನ್ನು ದೋಣಿ ಇಟ್ಟುಕೊಂಡ ಯಾರನ್ನಾದರೂ ಕೇಳಿ. ಮೇಲಾಗಿ ಅದು ಭೂಕಂಪದ ನಾಡು. 2016ರಲ್ಲಿ ಮಿನಮಾಟ ಇರುವ ಕುಮಾಮೊತೊ ಪ್ರಾಂತವೇ ಅಲ್ಲಾಡಿತ್ತು. ಗೋಡೆಯನ್ನು ತಲೆಮಾರಿನಿಂದ ತಲೆಮಾರಿಗೆ ಕಾಯಬೇಕು. ಯಾಕೆ ಕಾಯಬೇಕೆಂದು ಎದೆಮುಟ್ಟುವಂತೆ ಹೇಳಬಲ್ಲವರು ಒಬ್ಬೊಬ್ಬರಾಗಿ ಕಣ್ಮುಚ್ಚುತ್ತಿದ್ದಾರೆ.

ತಂದೆಯನ್ನು ಆರು ವರ್ಷದ ಬಾಲಕನಾಗಿದ್ದಾಗ ಈ ರೋಗಕ್ಕೆ ಕಳೆದುಕೊಂಡ ಮೀನುಗಾರ ಒಗಾತಾ ಮಸಾತೊ, 1985ರಲ್ಲಿ ತಾನು ರೋಗಿಯೆಂದು ಹಾಕಿದ್ದ ಅರ್ಜಿಯನ್ನು ಹಿಂದಕ್ಕೆ ಪಡೆದರು. ಹಣದ ಮಾತಿನಲ್ಲಿ ಕಡಲಿನ ಮಾತು ಮುಳುಗಿಹೋಗುತ್ತಿದೆ ಎಂಬುದು ಅವರ ಸಂಕಟ. 1996ರಲ್ಲಿ ಮಿನಮಾಟದ ಕಥೆ ಹೇಳುವ ಪ್ರದರ್ಶನ ಟೋಕಿಯೊದಲ್ಲಿ ಏರ್ಪಾಡಾದಾಗ ಅವರು ಹಳೆಯ ಉತಾಸೆ ದೋಣಿಯೊಂದನ್ನು ರಾಜಧಾನಿಯವರೆಗೆ ಕಡಲ ಮೇಲೆಯೇ ಕೊಂಡೊಯ್ದರು. ಸತ್ತವರ ಆತ್ಮಗಳನ್ನು ಕೂರಿಸಿಕೊಂಡು ಹೋಗಲು ಅವರಿಗೆ ಆ ದೋಣಿಯೇ ಬೇಕಿತ್ತು. ಅದರ ಹಾಯಿ ಬಿಚ್ಚಲು ಬಲ್ಲ ಕೈಗಳು ಆಗಲೇ ಕಡಿಮೆಯಾಗಿದ್ದವು.

ನಮ್ಮ ಕಡೆಗೂ ಒಂದು ಮಾತು. ಕಾರವಾರದ ಬಿಣಗಾದಲ್ಲಿ ಕಾಸ್ಟಿಕ್ ಸೋಡಾ ತಯಾರಿಸಲು ಹಿಂದೆ ಪಾದರಸದ ಕೋಶಗಳನ್ನು ಬಳಸುತ್ತಿದ್ದರು. ಕಾರವಾರದ ಆ ಕಾರ್ಖಾನೆಯ ಆಸುಪಾಸಿನ ಕಡಲಲ್ಲಿರುವ ಪಾದರಸದ ಬಗ್ಗೆ ನಮ್ಮದೇ ವಿಜ್ಞಾನಿಗಳು ಬರೆದ ಪ್ರಬಂಧ 1990ರಲ್ಲಿ ಮೆರೀನ್ ಪೊಲ್ಯೂಷನ್ ಬುಲೆಟಿನ್‌ನಲ್ಲಿ ಪ್ರಕಟವಾಗಿದೆ. ಬಿಣಗಾವನ್ನು ಮಿನಮಾಟಕ್ಕೆ ಹೋಲಿಸುವುದು ತಪ್ಪಾಗುತ್ತದೆ. ಅಲ್ಲಿನ ದುರಂತದ ಪ್ರಮಾಣವೇ ಬೇರೆ. ದೇಶದ ಕಾಸ್ಟಿಕ್ ಸೋಡಾ ಉದ್ಯಮವೂ ಪಾದರಸ ಬಿಟ್ಟು ಪೊರೆಯ ತಂತ್ರಜ್ಞಾನಕ್ಕೆ ಬಂದಿದೆ. ಆದರೆ ತಂತ್ರಜ್ಞಾನ ಬದಲಾದರೆ ಹಳೆಯ ಕೆಸರು ಎದ್ದು ಹೋಗುವುದಿಲ್ಲ. ಅಂಥ ಒಂದು ಪ್ರಬಂಧ ಇದೆ ಎಂಬುದೇ ಕಾರವಾರದ ಮೀನುಪೇಟೆಯಲ್ಲಿ ಎಷ್ಟು ಜನರಿಗೆ ಗೊತ್ತು? ಪಾದರಸ ನಿಯಂತ್ರಣದ ಮಿನಮಾಟ ಒಪ್ಪಂದ 2013ರಲ್ಲಿ ಆಯಿತು, 2017ರಲ್ಲಿ ಜಾರಿಗೆ ಬಂತು, ಭಾರತ 2018ರಲ್ಲಿ ಅದನ್ನು ಅನುಮೋದಿಸಿತು. ಸಹಿ ಹಾಕಿದ ಮೇಲೆ ಮಾಡಬೇಕಾದ ಕೆಲಸವೂ ಇರುತ್ತದೆ. ಬಿಣಗಾದ ಕೆಸರನ್ನೂ ಅಲ್ಲಿನ ಚಿಪ್ಪುಮೀನನ್ನೂ ನಿಯಮಿತವಾಗಿ ಪರೀಕ್ಷಿಸಿ, ಬಂದ ಅಂಕಿಯನ್ನು ಕನ್ನಡದಲ್ಲೂ ಕೊಂಕಣಿಯಲ್ಲೂ ಬರೆದು ಮೀನು ಮಾರುಕಟ್ಟೆಯ ಗೋಡೆಗೆ ಹಚ್ಚಿ. ಫಲಿತಾಂಶ ಒಳ್ಳೆಯದೇ ಬರಲಿ ಎಂದು ನಾನೂ ಹಾರೈಸುತ್ತೇನೆ. ಆದರೆ ಏನೇ ಬಂದರೂ ಅಲ್ಲಿ ಮೀನು ಕೊಳ್ಳುವವರಿಗೆ ಅದು ಮೊದಲು ತಿಳಿಯಬೇಕು.