ಗುರಿ ತಪ್ಪಿದ ಬಾಣ

ಪಾರ್ತಿಸುಬ್ಬನ ಕುಂಬಳೆ ಸೀಮೆಯವರಾದ ನಮಗೆ ಬಿಲ್ಲುಬಾಣಗಳ ಮೊದಲ ಪರಿಚಯವಾದುದು ಯಕ್ಷಗಾನದ ರಂಗಸ್ಥಳದಲ್ಲಿ. ಅಲ್ಲಿ ಅರ್ಜುನನು ಬಿಲ್ಲನ್ನೆತ್ತಿ ಎರಡು ಸುತ್ತು ಕುಣಿದನೆಂದರೆ ಬಾಣ ಗುರಿ ಮುಟ್ಟಿತೆಂದೇ ಲೆಕ್ಕ. ನಿಜವಾದ ಬಾಣಕ್ಕೆ ಅಷ್ಟು ದಾಕ್ಷಿಣ್ಯವಿಲ್ಲವೆಂಬುದನ್ನು ನಾವು ಕಲಿತದ್ದು ನಡುವಯಸ್ಸು ದಾಟಿದ ಮೇಲೆ.

ವಯನಾಡಿನಲ್ಲಿ ಉಪಾಧ್ಯಾಯರಾಗಿದ್ದ ಮಿತ್ರರೊಬ್ಬರು ಬಿದಿರಿನ ಬಿಲ್ಲೊಂದನ್ನೂ ಆರು ಬಾಣಗಳನ್ನೂ ತಂದುಕೊಟ್ಟರು. 1802ರಲ್ಲಿ ಈಸ್ಟ್ ಇಂಡಿಯಾ ಕಂಪೆನಿಯಿಂದ ಪನಮರಂ ಕೋಟೆಯನ್ನು ವಶಪಡಿಸಿಕೊಂಡ ಕುರಿಚ್ಯ ಬಿಲ್ಲುಗಾರರ ನಾಡದು. ಸಂಜೆ ಶಾಲೆ ಬಿಟ್ಟ ಮೇಲೆ ಮುರಕಲ್ಲಿನ ದಿಬ್ಬಕ್ಕೆ ಬೈಹುಲ್ಲಿನ ಕಂತೆಯನ್ನು ಒರಗಿಸಿ ನಾವು ಅಭ್ಯಾಸಕ್ಕೆ ತೊಡಗಿದೆವು. ವರ್ಷ ತುಂಬುವುದರೊಳಗೆ ನಮ್ಮ ಬಾಣ ತಪ್ಪದೆ ಹುಲ್ಲಿಗೆ ತಾಗತೊಡಗಿತು. ಆಗ ಏಳನೆಯ ತರಗತಿಯ ಹುಡುಗನೊಬ್ಬ ತನಗೂ ಕಲಿಸಬೇಕೆಂದು ಬಂದ.

ಅವನು ಬಿಟ್ಟ ಬಾಣವಾದರೋ ಮೀನಿನಂತೆ ಬಾಲವಾಡಿಸುತ್ತ ಎಡಕ್ಕೆ ಸರಿದುಹೋಗುತ್ತಿತ್ತು. “ಕೈ ನಡುಗುತ್ತದೆ, ಮನಸ್ಸನ್ನು ನಿಲ್ಲಿಸು” ಎಂದೆವು. ಮತ್ತೂ ಎಡಕ್ಕೇ ಹೋಯಿತು. ಅದೇ ಬಾಣವನ್ನು ಕಸಿದುಕೊಂಡು ನಾವೇ ಬಿಟ್ಟು, ಹುಲ್ಲಿನ ನಡುವೆ ನೆಟ್ಟು, “ನೋಡು, ಬಾಣದಲ್ಲಿ ದೋಷವಿಲ್ಲ” ಎಂದು ಉಳಿದ ಹುಡುಗರೆದುರಿಗೇ ಹೇಳಿದೆವು. ಮರುದಿನ ಅವನು ಬರಲಿಲ್ಲ.

ಆ ಸಂಜೆ ಬಾಣಗಳನ್ನು ಒರೆಸಿಡುವಾಗ, ಅವನು ಬಳಸುತ್ತಿದ್ದ ಬಾಣದ ಒಂದು ಗರಿ ಸವೆದಿರುವುದು ಕಂಡಿತು. ಬಿಲ್ಲಿನ ಎಡಮಗ್ಗುಲಲ್ಲಿಯೂ ಹೊಸದೊಂದು ಗೀರು. ಹಾಗಾದರೆ ಬಾಣದ ಬಾಲ ಬಿಲ್ಲಿಗೆ ಬಡಿಯುತ್ತಿತ್ತು! ನಡುಗುವ ಕೈ ಪ್ರತಿಸಲವೂ ಒಂದೇ ಕಡೆ ಗುರುತು ಮಾಡಲಾರದು.

ಒಮ್ಮೆಗೆ ಒಂದನ್ನೇ ಪರೀಕ್ಷಿಸುವುದೆಂದು ನಿಶ್ಚಯಿಸಿದೆವು. ಮೊದಲು ಬಾಣವನ್ನು ಮೇಜಿನ ಮೇಲೆ ಉರುಳಿಸಿ ನೋಡಿದೆವು. ಮಳೆಗಾಲದ ತೇವಕ್ಕೆ ಬಿದಿರು ಬಾಗಿದ್ದರೆ ಕೆಂಡದ ಶಾಖ ತೋರಿಸಿ ನೆಟ್ಟಗೆ ಮಾಡಬಹುದು. ಬಾಗಿರಲಿಲ್ಲ. ಬಳಿಕ ಗರಿ: ಮೂರೂ ಗರಿಗಳು ಹಕ್ಕಿಯ ಒಂದೇ ಪಕ್ಕದ ರೆಕ್ಕೆಯವಾಗಿರಬೇಕು, ಎಡಬಲ ಬೆರೆತರೆ ಒಂದು ತಿರುಗಿಸಿದ್ದನ್ನು ಇನ್ನೊಂದು ತಡೆಯುತ್ತದೆ. ಬೆರೆತಿರಲಿಲ್ಲ. ಆಮೇಲೆ ಹೆದೆಯ ಮೇಲೆ ಬಾಣದ ಕಚ್ಚು ಕೂರುವ ಜಾಗ: ಅದು ಮೇಲೆ ಕೆಳಗೆ ಸರಿದರೆ ಬಾಣ ಹಾರುತ್ತ ಏರಿಳಿಯುತ್ತದೆ. ಅಲ್ಲಿಗೊಂದು ಕೆಂಪು ದಾರ ಸುತ್ತಿದೆವು. ಆದರೆ ಹುಡುಗನ ಬಾಣ ಏರಿಳಿಯುತ್ತಿರಲಿಲ್ಲ, ಅಡ್ಡಾಡುತ್ತಿತ್ತು.

ಉಳಿದುದು ಬಾಣದ ಬಿಗುವು. ಬಾಣ ಇರುವುದು ಬಿಲ್ಲಿನ ಪಕ್ಕದಲ್ಲಿ. ಹೆದೆ ನುಗ್ಗುವುದು ಬಿಲ್ಲಿನ ನಡುವಿಗೆ. ಆದುದರಿಂದ ಬಾಣವು ಬಳುಕಿ, ಬಿಲ್ಲನ್ನು ಬಳಸಿಕೊಂಡು, ಮುಂದೆ ಹೋಗಿ ನೇರವಾಗುತ್ತದೆ. 1930ರ ದಶಕದಲ್ಲಿ ಅಮೆರಿಕದ ವಿಜ್ಞಾನಿ ಕ್ಲಾರೆನ್ಸ್ ಹಿಕ್‌ಮನ್ ಅತಿವೇಗದ ಕ್ಯಾಮರಾದಿಂದ ಈ ಬಳುಕನ್ನು ಚಿತ್ರಿಸಿದರು. ಬಾಣ ಅತಿ ಬಿಗುವಾದರೆ ಬಳುಕದೆ ಬಾಲವನ್ನು ಬಿಲ್ಲಿಗೆ ಬಡಿದು, ಬಲಗೈಯಿಂದ ಹೆದೆ ಸೆಳೆಯುವವನಿಗೆ ಎಡಕ್ಕೆ ಹೋಗುತ್ತದೆ. ಅತಿ ಮೆತ್ತಗಾದರೆ ಬಲಕ್ಕೆ. ತಕ್ಕಡಿಯ ಕೊಕ್ಕೆಗೆ ಹೆದೆ ಸಿಕ್ಕಿಸಿ ಎಳೆದೆವು. ನಾವು ಸೆಳೆಯುವ 28 ಅಂಗುಲಕ್ಕೆ 16 ಕಿಲೊ. ಹುಡುಗನ ಗಿಡ್ಡ ತೋಳಿಗೆ ನಿಲುಕುವ 24 ಅಂಗುಲಕ್ಕೆ ಬರಿಯ 12. ನಮ್ಮ ಬಲಕ್ಕೆ ಬಳುಕುವ ಬಾಣ ಅವನ ಬಲಕ್ಕೆ ಬಳುಕುತ್ತಿರಲಿಲ್ಲ. ಬಾಣ ನಿರ್ದೋಷಿ, ಹುಡುಗನೂ ನಿರ್ದೋಷಿ. ನಮ್ಮ ತೋಳಿಗೆ ಒಗ್ಗಿದುದನ್ನು ಅವನ ಕೈಗಿತ್ತು ಗದರಿದವರು ನಾವು.

ಮರುದಿನ ತರಗತಿಯಲ್ಲಿ, ಅದೇ ಹುಡುಗರೆದುರಿಗೆ, “ತಪ್ಪು ನಿನ್ನದಲ್ಲ, ನಮ್ಮದು” ಎಂದೆವು. ಅವನು ಏನೂ ಹೇಳಲಿಲ್ಲ, ಸಂಜೆ ಬಂದ. ಒಂದು ಬಾಣದ ಗರಿಗಳನ್ನು ಕಿತ್ತು, ಹತ್ತು ಹೆಜ್ಜೆ ದೂರದಿಂದ ಗರಿಯುಳ್ಳದ್ದನ್ನೂ ಗರಿಯಿಲ್ಲದ್ದನ್ನೂ ಬಿಡಿಸಿದೆವು. ಗರಿ ದೋಷವನ್ನು ತಿದ್ದುತ್ತದೆ, ತಿದ್ದುವುದರಿಂದಲೇ ಮುಚ್ಚುತ್ತದೆ. ಬೋಳುಬಾಣ ಮೊಳದಷ್ಟು ಎಡಕ್ಕೆ ಬಿತ್ತು. ಗಾಜಿನ ಚೂರಿನಿಂದ ಎರಡೂ ಬಾಣಗಳ ದಂಡವನ್ನು ಸುತ್ತಲೂ ತುಸುವೇ ಹೆರೆದು ಮತ್ತೆ ಬಿಡಿಸಿದೆವು. ಬಿದಿರಿನ ಬಲವೆಲ್ಲ ಹೊರಪದರದಲ್ಲಿರುವುದರಿಂದ ಇಲ್ಲಿ ಆತುರ ಸಲ್ಲದು. ನಾಲ್ಕನೆಯ ಸಂಜೆ ಬೋಳುಬಾಣವೂ ಗರಿಬಾಣವೂ ಒತ್ತಾಗಿ ಹುಲ್ಲಿನ ನಡುವೆ ನೆಟ್ಟವು.

ಸಂತೋಷದ ಭರದಲ್ಲಿ ಆ ಗರಿಬಾಣವನ್ನು ನಾವೂ ಒಮ್ಮೆ ಬಿಟ್ಟೆವು. ಅದು ಬಾಲವಾಡಿಸುತ್ತ ಬಲಕ್ಕೆ ಸರಿದು, ಕಂತೆಯನ್ನು ದಾಟಿ ಮುರಕಲ್ಲಿಗೆ ತಾಗಿತು. ಹುಡುಗ ಓಡಿಹೋಗಿ ಹೆಕ್ಕಿ ತಂದು, ಮೊನೆಯನ್ನು ಒರೆಸುತ್ತ, ವಿನಯದಿಂದಲೇ ಕೇಳಿದ:

“ಕೈ ನಡುಗಿತೇ, ಮಾಷ್ಟ್ರೇ?”