ಬೀಜವೋ ಕ್ಷೇತ್ರವೋ?

ನಮ್ಮ ಹಿತ್ತಿಲಿನಲ್ಲಿ ಪ್ರತಿವರ್ಷವೂ ಸೋರೆಯ ಬಳ್ಳಿಯನ್ನು ಹಬ್ಬಿಸುವುದುಂಟು. ಅದರ ಬೀಜವು ನನ್ನ ಪತ್ನಿಯು ತವರಿನಿಂದ ತಂದುದು. ಕಾಯಿ ಮೊಳಕ್ಕೆ ಕಡಮೆಯಿಲ್ಲದಂತೆ ನೀಳವಾಗಿ ಇಳಿಬೀಳುವುದು. ಕಳೆದ ವರ್ಷ ಮಾತ್ರ ಕಾಯಿಗಳು ಗಿಡ್ಡವಾಗಿ, ಹೊಟ್ಟೆ ಉಬ್ಬಿ, ಕುಲಗೆಟ್ಟಂತೆ ಬಂದವು. ನೆರೆಮನೆಯಾಕೆ ಬೇಲಿಯ ಆಚೆ ಅದೇ ವರ್ಷ ಮೊದಲ ಬಾರಿಗೆ ಗುಂಡುಸೋರೆಯನ್ನು ಬಿತ್ತಿದ್ದರು. “ನಿಮ್ಮ ಹೂವಿನ ಪರಾಗವೇ ನಮ್ಮ ಕಾಯನ್ನು ಕೆಡಿಸಿತು” ಎಂದು ನಾನು ಸರ್ವಜ್ಞನಂತೆ ನುಡಿದೆನು. ಆಕೆ ಎದುರಾಡದೆ ತಮ್ಮ ಬಳ್ಳಿಯನ್ನು ಬುಡಸಹಿತ ಕಿತ್ತುಹಾಕಿದರು.

ಕೆಲವು ದಿನಗಳ ಮೇಲೆ ನಮ್ಮ ಬಳ್ಳಿಯಲ್ಲಿ ಇನ್ನೂ ಅರಳದ ಹೆಣ್ಣುಮೊಗ್ಗೊಂದನ್ನು ಕಂಡೆನು. ಅದರ ಕೆಳಗಣ ಹೀಚು ಆಗಲೇ ಗಿಡ್ಡವಾಗಿ ಉಬ್ಬಿದ್ದಿತು. ಪರಾಗವು ಸೋಂಕುವ ಮೊದಲೇ ಆಕಾರವು ನಿಶ್ಚಿತವಾಗಿದ್ದ ಮೇಲೆ ನೆರೆಯ ಬಳ್ಳಿಯ ಅಪರಾಧವೇನು?

ಬೀಜವು ಪ್ರಧಾನವೋ ಕ್ಷೇತ್ರವು ಪ್ರಧಾನವೋ ಎಂಬ ಚರ್ಚೆಯು ಮನುಸ್ಮೃತಿಯ ಒಂಬತ್ತನೆಯ ಅಧ್ಯಾಯದಲ್ಲಿರುವುದು. ಸೋರೆಯ ವಿಷಯದಲ್ಲಿ ಉತ್ತರವು ಇಂತಿದೆ: ಕಾಯಿಯ ಸಿಪ್ಪೆ ತಿರುಳುಗಳು ತಾಯಿಬಳ್ಳಿಯ ಅಂಗಗಳೇ, ಒಳಗಣ ಬೀಜವು ಮಾತ್ರ ತಾಯಿತಂದೆಗಳಿಬ್ಬರದು. ಅನ್ಯಪರಾಗದಿಂದಾದ ಆಕಾರಭೇದವು ಆ ಬೀಜವನ್ನು ಬಿತ್ತಿದ ಮೇಲೆ ಕಾಣತಕ್ಕುದು. ಎಂದಮೇಲೆ ಬೆರಕೆಯು ಅದಕ್ಕೂ ಹಿಂದೆಯೇ ಆಗಿದ್ದಿತು. ಹೂವನ್ನು ಕಾಯದೆ ಬೀಜವನ್ನು ಕಟ್ಟಿಟ್ಟವನು ನಾನೇ!

ಮರೆಯಾದ ಆಕಾರವು ಮರಳುವುದೂ ಉಂಟು. 1920ರ ದಶಕದಲ್ಲಿ ಅಮೆರಿಕದ ಎಡ್ಮಂಡ್ ಸಿನ್ನಟ್ ಎಂಬ ವಿಜ್ಞಾನಿಯು ಕುಂಬಳದ ಒಂದು ಜಾತಿಯಲ್ಲಿ ಇದನ್ನು ಪರೀಕ್ಷಿಸಿದರು. ಕೆಲವು ಗುಂಡುತಳಿಗಳನ್ನು ಪರಸ್ಪರ ಕೂಡಿಸಿದರೆ ಮಕ್ಕಳೆಲ್ಲ ಬಿಲ್ಲೆಯಂತೆ ಚಪ್ಪಟೆ. ಮೊಮ್ಮಕ್ಕಳಲ್ಲಿಯೋ ಸುಮಾರು 16ಕ್ಕೆ 9 ಚಪ್ಪಟೆ, 6 ಗುಂಡು, 1 ನೀಳ. ಜೀನ್ ಎಂಬ ವಂಶಕಾರಕಗಳ ಎರಡು ಜೋಡಿಗಳಿಂದ ಇಷ್ಟೆಲ್ಲ ಆಗುವುದು. ಕುಂಬಳದ ಲೆಕ್ಕವನ್ನು ಸೋರೆಗೆ ಹಾಗೆಯೇ ಹೊಂದಿಸಲಾಗದು. ಆದರೂ ನನಗೆ ಆಸೆಯು ಚಿಗುರಿತು.

ನೆರೆಯಾಕೆಯಲ್ಲಿಗೆ ಹೋಗಿ ತಪ್ಪನ್ನೊಪ್ಪಿಕೊಂಡೆನು. “ಹೋಗಲಿ ಬಿಡಿ ಮೇಷ್ಟ್ರೇ, ಬಳ್ಳಿ ಹೋದರೇನು, ಬೀಜ ಡಬ್ಬಿಯಲ್ಲಿದೆ” ಎಂದರು. ಅವರು ಗದರಿಸಿದ್ದರೆ ಇಷ್ಟು ನಾಚಿಕೆಯಾಗುತ್ತಿರಲಿಲ್ಲ.

ಸೋರೆಯ ಹೂವು ಸಂಜೆಗೆ ಅರಳುವುದಷ್ಟೆ. ಬಿಸಿಲಿಳಿಯುವ ಮೊದಲೇ ಒಂದೇ ಬಳ್ಳಿಯ ಹೆಣ್ಣು ಗಂಡು ಮೊಗ್ಗುಗಳ ತುದಿಗೆ ದಾರವನ್ನು ಕಟ್ಟಿ, ಅರಳುವ ಹೊತ್ತಿಗೆ ಬಿಚ್ಚಿ, ಗಂಡಿನ ಪರಾಗವನ್ನು ಹೆಣ್ಣಿಗೆ ಸೋಂಕಿಸಿ, ಹೆಣ್ಣುಹೂವನ್ನು ಮರಳಿ ಕಟ್ಟಿದೆನು. ಆ ಬೀಜಗಳಿಂದ ಈ ವರ್ಷ ಐದು ಬಳ್ಳಿಗಳೆದ್ದವು. ನಾಲ್ಕರಲ್ಲಿ ಮೋಟುಕಾಯಿ, ಐದನೆಯದರಲ್ಲಿ ಮೊಳದುದ್ದದ ಕಾಯಿ.

ಪತ್ನಿಯು ಅದನ್ನು ಕೈಯಿಂದ ಅಳೆದು ನೋಡಿ, “ನಮ್ಮಮ್ಮನ ಮನೆಯ ಕಾಯಿ ಬಂದಿತಲ್ಲ!” ಎಂದಳು. ಬೇಲಿಯ ಆಚೆ ಗುಂಡುಸೋರೆಯೂ ಹಬ್ಬಿದೆ.