ಒಂಟಿ ತೋಳಿನ ಮೋಹ

ಇಟಲಿ ದೇಶದ ಬೊಲೋನಾ ನಗರದ ಅಂಚಿನಲ್ಲಿ ಬೋರ್ಗೊ ಪನಿಗಾಲೆ ಎಂಬ ಬಡಾವಣೆಯುಂಟು. 1926ರಲ್ಲಿ ರೇಡಿಯೋ ಬಿಡಿಭಾಗಗಳನ್ನು ತಯಾರಿಸುವ ಉದ್ದೇಶದಿಂದ ಬೊಲೋನಾದಲ್ಲಿ ಹುಟ್ಟಿ, ಎರಡನೆಯ ಮಹಾಯುದ್ಧದ ತರುವಾಯ ಸೈಕಲ್ಲಿಗೆ ಜೋಡಿಸುವ ಪುಟ್ಟ ಎಂಜಿನ್ನಿನ ಮೂಲಕ ಮೋಟಾರು ಸೈಕಲ್ಲಿನ ದಾರಿ ಹಿಡಿದ ಡುಕಾಟಿ ಸಂಸ್ಥೆಯ ಕಾರ್ಖಾನೆ ಇರುವುದು ಅಲ್ಲಿಯೇ. ಅದರ ವಾಹನಗಳ ಅಭಿಮಾನಿಗಳಿಗೆ ಆ ದೇಶದಲ್ಲಿ 'ಡುಕಾಟಿಸ್ತಿ' ಎಂಬ ಹೆಸರೇ ಬಿದ್ದಿದೆ. ಸರಕನ್ನು ಕೊಂಡವರು ಗಿರಾಕಿಗಳಾಗುವುದು ಲೋಕರೂಢಿ. ಆದರೆ ಇವರು ಗಿರಾಕಿಗಳಲ್ಲ, ಒಕ್ಕಲು. ಒಕ್ಕಲೆಂದರೇನು, ಅದರ ಪ್ರೀತಿಯೆಷ್ಟು, ಆ ಪ್ರೀತಿ ಮುನಿಸಿಗೆ ತಿರುಗಿದರೆ ಅದರ ಬಿಸಿಯೆಷ್ಟು ಎಂಬುದನ್ನು ಮಠದ ವಾಚಕರಿಗೆ ನಾವು ವಿವರಿಸಬೇಕಾದುದಿಲ್ಲ. ಈ ಒಕ್ಕಲಿಗೂ ಆ ಕಾರ್ಖಾನೆಗೂ ನಡೆದ ಒಂದು ದೀರ್ಘ ಮನಸ್ತಾಪದ ವಿಚಾರವನ್ನು ಈ ತಿಂಗಳು ಬರೆಯಲು ಕುಳಿತಿದ್ದೇವೆ.

ವಿಷಯ ನಮ್ಮ ಬಳಿಗೆ ಬಂದದ್ದು ಹೀಗೆ. ನಮ್ಮ ಉಚಿತ ಪ್ರಸಾದನಿಲಯದಲ್ಲಿದ್ದು ಓದಿ, ಎಂಜಿನಿಯರಾಗಿ, ವಾಹನ ತಯಾರಿಸುವ ಸಂಸ್ಥೆಯೊಂದರಲ್ಲಿ ಹೊರರೂಪವನ್ನು ಬರೆಯುವ ಕೆಲಸಕ್ಕೆ ಸೇರಿದ ತರುಣನೊಬ್ಬನಿದ್ದಾನೆ. ಅವನ ಹೆಸರು ಬೇಡ, ಸಂಸ್ಥೆಯ ಹೆಸರೂ ಬೇಡ. ಜನರಿಗೆ ಬಹುಕಾಲದಿಂದ ಪ್ರಿಯವಾಗಿದ್ದ ಮೋಟಾರು ಸೈಕಲ್ಲೊಂದಕ್ಕೆ ಹೊಸ ರೂಪ ಕೊಡುವ ಕಾರ್ಯದಲ್ಲಿ ಅವನೂ ಅವನ ಸಂಗಡಿಗರೂ ಮೂರು ವರ್ಷ ದುಡಿದಿದ್ದರು. ಚಿತ್ರ ಪ್ರಕಟವಾದ ದಿನವೇ, ವಾಹನ ಇನ್ನೂ ಅಂಗಡಿಯ ಮುಖ ಕಾಣುವ ಮೊದಲೇ, ಅದರ ಮೋರೆ ಮಿಡತೆಯ ಹಾಗಿದೆಯೆಂದೂ ಬೆನ್ನು ಬೋಳಾಗಿದೆಯೆಂದೂ ನಾಡಿನ ಉದ್ದಗಲಕ್ಕೂ ಪರಿಹಾಸ್ಯವಾಯಿತು. ಮುಂದಿನ ಅಮಾವಾಸ್ಯೆಯಂದು ಮಠಕ್ಕೆ ಬಂದು, ಜನವೆಲ್ಲ ಹೋದ ಮೇಲೆಯೂ ಕಂಬಕ್ಕೊರಗಿ ಕುಳಿತೇ ಇದ್ದ. "ಬುದ್ಧಿ, ಹತ್ತಿ ಓಡಿಸಿ ಬೈದಿದ್ದರೆ ತಲೆಬಾಗಿ ಕೇಳುತ್ತಿದ್ದೆ. ಇನ್ನೂ ಒಬ್ಬರೂ ಮುಟ್ಟಿಲ್ಲ. ಮೂರು ವರ್ಷ ಒಂದೇ ಸಂಜೆಗೆ ಹೋಯಿತು. ಕೆಲಸ ಬಿಟ್ಟು ಊರಿಗೆ ಬಂದುಬಿಡುತ್ತೇನೆ" ಎಂದ. ಸಮಾಧಾನದ ಮಾತು ಹೇಳುವುದು ನಮಗೆ ಅಭ್ಯಾಸವಾಗಿಹೋಗಿದೆ. ಅಭ್ಯಾಸವಾದ ಮಾತಿಗೆ ತೂಕ ಕಡಿಮೆ. ಆದ್ದರಿಂದ, "ಇಂತಹುದು ಹಿಂದೆ ಯಾರಿಗಾದರೂ ಆಗಿದೆಯೇನಪ್ಪಾ?" ಎಂದಷ್ಟೇ ಕೇಳಿದೆವು. ಅವನು ಹೇಳಿದ ಕಥೆಯೇ ಇದು. ಆಮೇಲೆ ನಾವೂ ಅದನ್ನು ಹುಡುಕಿ ಓದಿದೆವು. ತತ್ತ್ವಶಾಸ್ತ್ರದ ವಿದ್ಯಾರ್ಥಿಯಾಗಿದ್ದಾಗ ಆಕಾರಕ್ಕೂ ಪ್ರಯೋಜನಕ್ಕೂ ಇರುವ ಸಂಬಂಧವನ್ನು ಕುರಿತು ಪುಟಗಟ್ಟಲೆ ಬರೆದು ಅಂಕ ಗಳಿಸಿದವರು ನಾವು; ಕಬ್ಬಿಣದಲ್ಲಿ ಇಷ್ಟು ಸ್ಫುಟವಾದ ದೃಷ್ಟಾಂತ ಆಗ ದೊರೆತಿರಲಿಲ್ಲ.

1994ರಲ್ಲಿ ಡುಕಾಟಿ ಸಂಸ್ಥೆ '916' ಎಂಬ ಪಂದ್ಯದ ಮಾದರಿಯ ವಾಹನವನ್ನು ಮಾರುಕಟ್ಟೆಗೆ ತಂದಿತು. ರೂಪಿಸಿದಾತ ಮಾಸ್ಸಿಮೊ ತಂಬುರಿನಿ. ರಿಮಿನಿ ಪಟ್ಟಣದಲ್ಲಿ ಮನೆಗಳಿಗೆ ಶಾಖ ಮತ್ತು ಗಾಳಿಯ ಕೊಳವೆಗಳನ್ನು ಹೂಡುವ ಉದ್ಯಮದಲ್ಲಿದ್ದು, ಇಬ್ಬರು ಪಾಲುದಾರರೊಡನೆ ಬಿಮೋಟಾ ಎಂಬ ಮೋಟಾರು ಸೈಕಲ್ ಸಂಸ್ಥೆಯನ್ನು ಕಟ್ಟಿದವನು ಈತ. ಆಮೇಲೆ ಡುಕಾಟಿಗೆ ಬಂದವನು. 916ರ ಮುಖದಲ್ಲಿ ಅಕ್ಕಪಕ್ಕ ಎರಡು ಕಿರುಗಣ್ಣಿನ ದೀಪಗಳು; ಹೊಗೆಕೊಳವೆಗಳು ಪಕ್ಕದಲ್ಲಿ ಜೋತುಬೀಳದೆ ಆಸನದ ಅಡಿಯಲ್ಲಿ ಅಡಗಿದ್ದವು; ಹಿಂದಿನ ಚಕ್ರವನ್ನು ಹಿಡಿದದ್ದು ಒಂದೇ ತೋಳು. 1998ರಲ್ಲಿ ನ್ಯೂಯಾರ್ಕಿನ ಗುಗೆನ್‌ಹೈಮ್ ಕಲಾಸಂಗ್ರಹಾಲಯದಲ್ಲಿ ಮೋಟಾರು ಸೈಕಲ್ಲುಗಳ ಕಲಾಪ್ರದರ್ಶನ ನಡೆದಾಗ ಅಲ್ಲಿಯೂ ಇದನ್ನು ಇರಿಸಿದ್ದರು. ಬರಿಯ ಚೆಲುವಲ್ಲ, ಬಲವೂ ಇತ್ತು. ಕಾರ್ಲ್ ಫೋಗರ್ಟಿ, ಟ್ರಾಯ್ ಕಾರ್ಸರ್, ಟ್ರಾಯ್ ಬೇಲಿಸ್ ಎಂಬ ಸವಾರರು ಈ ವಾಹನದ ಮೇಲೆ ಮತ್ತು ಇದರ ಬೆಳೆದ ರೂಪವಾದ 996ರ ಮೇಲೆ 1994ರಿಂದ 2001ರೊಳಗೆ ಆರು ಸಲ ಸೂಪರ್‌ಬೈಕ್ ವಿಶ್ವಪ್ರಶಸ್ತಿಯನ್ನು ಗೆದ್ದರು.

ಆ ಒಂಟಿ ತೋಳಿನ ವಿಚಾರವನ್ನು ಸ್ವಲ್ಪ ನಿಂತು ನೋಡಬೇಕು. ಜಗಳದ ಗಂಟು ಇರುವುದು ಅಲ್ಲಿಯೇ. ಸಾಧಾರಣ ಮೋಟಾರು ಸೈಕಲ್ಲಿನಲ್ಲಿ ಹಿಂದಿನ ಚಕ್ರದ ಅಚ್ಚನ್ನು ಎಡಬಲಗಳಿಂದ ಎರಡು ತೋಳುಗಳು ಹಿಡಿದಿರುತ್ತವೆ. ಮೆಕ್ಯಾನಿಕರು ಇದನ್ನು ಸ್ವಿಂಗ್ ಆರ್ಮ್ ಎನ್ನುತ್ತಾರೆ. ಚಕ್ರ ಕಳಚಬೇಕಾದರೆ ಅಚ್ಚನ್ನು ಎಳೆದು, ಚೈನು ಸಡಿಲಿಸಿ, ಮತ್ತೆ ಜೋಡಿಸುವಾಗ ನೇರ ಹಿಡಿಯಬೇಕು. ಹಗಲಿರುಳು ಇಪ್ಪತ್ತನಾಲ್ಕು ಗಂಟೆ ನಡೆಯುವ ದೀರ್ಘ ಪಂದ್ಯಗಳಲ್ಲಿ ಪದೇ ಪದೇ ಚಕ್ರ ಬದಲಿಸಬೇಕಾಗುವುದರಿಂದ ಈ ವಿಳಂಬ ದುಬಾರಿಯಾಯಿತು. ಒಂದೇ ಪಕ್ಕದ ಗಟ್ಟಿಯಾದ ತೋಳಿಗೆ ಚಕ್ರವನ್ನು ಸಿಕ್ಕಿಸಿದರೆ, ಕಾರಿನ ಚಕ್ರದ ಹಾಗೆ ಹೊರಗಿನಿಂದ ಕಳಚಿ ಹಾಕಿಬಿಡಬಹುದು. ಚೈನನ್ನು ಮುಟ್ಟುವ ಕೆಲಸವಿಲ್ಲ. ಹೋಂಡಾ ಸಂಸ್ಥೆ 1987ರ ಆರ್‌ಸಿ30 ವಾಹನದಲ್ಲಿ ಇದನ್ನು ರಸ್ತೆಗೂ ತಂದಿತು. ಅಂದರೆ ಒಂಟಿ ತೋಳು ಚೆಲುವಿಗಾಗಿ ಹುಟ್ಟಿದ್ದಲ್ಲ, ಅವಸರಕ್ಕಾಗಿ ಹುಟ್ಟಿದ್ದು. ಆದರೆ ಒಂದು ಪಕ್ಕದಿಂದ ನೋಡಿದಾಗ ಚಕ್ರವು ಯಾವ ಆಧಾರವೂ ಇಲ್ಲದೆ ಗಾಳಿಯಲ್ಲಿ ನಿಂತ ಹಾಗೆ ತೋರುತ್ತದೆ. ಕಣ್ಣು ಅದಕ್ಕೆ ಮರುಳಾಯಿತು. ಕೆಲಸಕ್ಕೆ ಹೋಗಲು ಗಾಡಿ ಕೊಂಡವನಿಗೆ ನಿಮಿಷದೊಳಗೆ ಚಕ್ರ ಬದಲಿಸುವ ಪ್ರಮೇಯ ಜನ್ಮದಲ್ಲಿ ಬಾರದು. ಆದರೂ ಅವನಿಗೆ ಆ ತೋಳೇ ಬೇಕು.

2002ರಲ್ಲಿ 916ರ ವಂಶಕ್ಕೆ ಉತ್ತರಾಧಿಕಾರಿಯಾಗಿ '999' ಬಂದಿತು. ಇದರ ಕರ್ತೃ ದಕ್ಷಿಣ ಆಫ್ರಿಕಾ ಮೂಲದ ಪಿಯರ್ ಟೆರ್ಬ್ಲಾಂಶ್. ಇವನೇನೂ ಅಭಿಮಾನಿಗಳಿಗೆ ಅಪರಿಚಿತನಲ್ಲ. ಇವನು ರೂಪಿಸಿದ ಸೂಪರ್‌ಮೋನೋ ಎಂಬ ಒಂಟಿ ಸಿಲಿಂಡರಿನ ಪಂದ್ಯದ ವಾಹನವನ್ನು 1993ರಲ್ಲಿ ಅವರು ಹೊಗಳಿದ್ದರು. 1978ರಲ್ಲಿ ಮೈಕ್ ಹೇಲ್‌ವುಡ್ ಐಲ್ ಆಫ್ ಮ್ಯಾನ್ ದ್ವೀಪದ ಪಂದ್ಯದಲ್ಲಿ ಡುಕಾಟಿಯ ಮೇಲೆ ಗೆದ್ದ ನೆನಪಿಗಾಗಿ ಇವನು ಮಾಡಿದ ಎಂಎಚ್900ಇ ವಾಹನವನ್ನು 2000ದ ಜನವರಿ 1ರಂದು ಅಂತರ್ಜಾಲದ ಮೂಲಕ ಮಾರಾಟಕ್ಕಿಟ್ಟಾಗ ನಾ ಮುಂದು ತಾ ಮುಂದು ಎಂದು ಕೊಂಡಿದ್ದರು. ಅದಕ್ಕೆ ಇದ್ದದ್ದು ಒಂಟಿ ತೋಳೇ ಎಂಬುದನ್ನು ವಾಚಕರು ಗಮನಿಸಬೇಕು.

ಅಂತಹವನು 999ರಲ್ಲಿ ಏನು ಮಾಡಿದ? ಅಕ್ಕಪಕ್ಕ ಇದ್ದ ದೀಪಗಳನ್ನು ಒಂದರ ಮೇಲೊಂದು ನಿಲ್ಲಿಸಿದ. ಒಂಟಿ ತೋಳನ್ನು ತೆಗೆದು ಎರಡು ತೋಳುಗಳ ಹಳೆಯ ಕ್ರಮಕ್ಕೆ ಮರಳಿದ. ಸವಾರನ ಮೈಕಟ್ಟಿಗೆ ಹೊಂದುವಂತೆ ಆಸನವನ್ನೂ ಕಾಲಿಡುವ ಕಡ್ಡಿಗಳನ್ನೂ ಸರಿಪಡಿಸಿಕೊಳ್ಳುವ ಅನುಕೂಲ ಕಲ್ಪಿಸಿದ. ತಂತಿಗಳ ಸಿಕ್ಕನ್ನು ಕಡಿಮೆ ಮಾಡಿದ. 916ರ ಮೇಲೆ ಹೆಚ್ಚು ಹೊತ್ತು ಕುಳಿತವರ ಮಣಿಕಟ್ಟು ಸೊಂಟಗಳು ಪಡುವ ಪಾಡನ್ನು ಬಲ್ಲವರು ಇದನ್ನು ಉಪಕಾರವೆಂದೇ ಎಣಿಸಬೇಕಾಗಿತ್ತು. ಆದದ್ದು ಬೇರೆ. ಮುಖ ವಿಕಾರ, ವಂಶಕ್ಕೆ ಕಳಂಕ, ಎಂಬ ಕೂಗೆದ್ದಿತು. ಮಾರಾಟ ನಿರೀಕ್ಷೆಯ ಮಟ್ಟ ಮುಟ್ಟಲಿಲ್ಲ. 2005ರಲ್ಲಿ ಹೊರಕವಚವನ್ನು ತಿದ್ದಿ ನೋಡಿದರು, ಕೂಗು ಅಡಗಲಿಲ್ಲ. ಇತ್ತ ಪಂದ್ಯದ ಅಂಗಳದಲ್ಲಿ ಅದೇ ವಾಹನವು 2003ರಲ್ಲಿ ನೀಲ್ ಹಾಡ್ಜ್‌ಸನ್, 2004ರಲ್ಲಿ ಜೇಮ್ಸ್ ಟೋಸ್ಲೆಂಡ್, 2006ರಲ್ಲಿ ಟ್ರಾಯ್ ಬೇಲಿಸ್ ಇವರಿಗೆ ವಿಶ್ವಪ್ರಶಸ್ತಿಯನ್ನು ತಂದುಕೊಟ್ಟಿತು. ನಾಲ್ಕು ವರ್ಷಗಳಲ್ಲಿ ಮೂರು! ಗೆದ್ದ ಕುದುರೆಯನ್ನು ಮೂತಿ ಚೆನ್ನಾಗಿಲ್ಲವೆಂದು ಲಾಯದಿಂದ ಹೊರಗೆ ಕಟ್ಟಿದಂತಾಯಿತು.

ಇಲ್ಲಿ ನಮ್ಮ ತರುಣನ ಪಕ್ಷ ವಹಿಸಿ, ಜನರು ಮೂಢರು ಎಂದುಬಿಡುವುದು ಸುಲಭ. ನಮಗೆ ಹಾಗೆ ತೋರುವುದಿಲ್ಲ. ಪಂದ್ಯದ ಗೆಲುವಿನಿಂದ ವೇಗ ಸಿದ್ಧವಾದೀತು, ಸೌಂದರ್ಯ ಸಿದ್ಧವಾಗದು. ವೇಗಕ್ಕೆ ಗಡಿಯಾರ ಪ್ರಮಾಣ. ಸೌಂದರ್ಯಕ್ಕೆ ಕಣ್ಣೇ ಪ್ರಮಾಣ. ಕಣ್ಣು ಒಲ್ಲೆನೆಂದಾಗ ಪ್ರಶಸ್ತಿಪತ್ರಗಳನ್ನು ಮುಂದೆ ಹಿಡಿದು ಒಪ್ಪಿಸಲಾಗದು. ಆದರೆ ಆ ಕಣ್ಣು ತನಗೆ ಸಲ್ಲದ ತೀರ್ಪನ್ನೂ ಕೊಡತೊಡಗಿದಾಗ ಅನ್ಯಾಯವಾಗುತ್ತದೆ. 'ನನಗೆ ಚೆನ್ನಾಗಿ ಕಾಣದು' ಎಂಬುದು ಕಣ್ಣಿನ ಮಾತು. 'ಇದು ಕೆಟ್ಟ ವಾಹನ' ಎಂಬುದು ಕೈ, ಕಾಲು, ಬೆನ್ನುಗಳು ಹೇಳಬೇಕಾದ ಮಾತು. 999ರ ವಿಷಯದಲ್ಲಿ ಮೊದಲನೆಯದನ್ನು ಹೇಳಲು ಎಲ್ಲರೂ ಅಧಿಕಾರಿಗಳಾಗಿದ್ದರು. ಎರಡನೆಯದನ್ನು ಹತ್ತದವರೂ ಹೇಳಿದರು.

ಮೆಚ್ಚಿದ ರೂಪ ಹೋದಾಗ ಆಗುವ ಸಂಕಟ ನಮಗೆ ದೂರದ ಸಂಗತಿಯಲ್ಲ. ಮೈಸೂರಿನಲ್ಲಿ 1960ರ ದಶಕದ ಆದಿಯಿಂದ 1996ರವರೆಗೆ ಜಾವಾ, ತರುವಾಯ ಯೆಜ್ಡಿ ಎಂಬ ಹೆಸರಿನಿಂದ ಮೋಟಾರು ಸೈಕಲ್ಲುಗಳು ತಯಾರಾಗುತ್ತಿದ್ದುದನ್ನು ಹಿರಿಯ ವಾಚಕರು ಬಲ್ಲರು. ನಾವು ಅಲ್ಲಿ ಓದುತ್ತಿದ್ದಾಗ ನಮ್ಮ ಪ್ರಾಧ್ಯಾಪಕರೊಬ್ಬರ ಬಳಿ ಹಳೆಯ ಜಾವಾ ಇತ್ತು. ಒಂದೇ ಸನ್ನೆ ಒಳಕ್ಕೆ ಒತ್ತಿ ಮೇಲೆತ್ತಿದರೆ ಕಿಕ್ಕರ್, ಕೆಳಗಿಳಿಸಿದರೆ ಗೇರು! ಅದರ ಸದ್ದು ಕೇಳಿಸಿತೆಂದರೆ ತರಗತಿ ತಾನಾಗಿ ಸುಮ್ಮನಾಗುತ್ತಿತ್ತು. 2018ರಲ್ಲಿ ಬೇರೆ ಸಂಸ್ಥೆಯವರು ಜಾವಾ ಹೆಸರನ್ನು ಮರಳಿ ತಂದರು. ಹಳೆಯದು ಎಣ್ಣೆ ಬೆರೆಸಿದ ಪೆಟ್ರೋಲು ಕುಡಿದು ಹೊಗೆಯುಗುಳುವ ಟೂ ಸ್ಟ್ರೋಕ್. ಹೊಸದು ಇಂದಿನ ಕಾನೂನಿಗೆ ಒಪ್ಪುವ ಫೋರ್ ಸ್ಟ್ರೋಕ್. ಒಂದೇ ಸಿಲಿಂಡರಿಗೆ ಎರಡು ಸೈಲೆನ್ಸರುಗಳಿದ್ದ ಹಳೆಯ ಲಕ್ಷಣವನ್ನು ಮಾತ್ರ ಹೊಸದರಲ್ಲಿಯೂ ಉಳಿಸಿಕೊಂಡರು. ಸೈಲೆನ್ಸರು ಎರಡಿದ್ದರೇನು, ಸದ್ದು ಅದಲ್ಲ ಎಂದು ಮೈಸೂರಿನ ನಮ್ಮ ಹಳೆಯ ಸಹಪಾಠಿಗಳು ಗೊಣಗಿದರು. ಅವರು ಕಳೆದುಕೊಂಡದ್ದು ಸದ್ದನ್ನೋ ಇಪ್ಪತ್ತರ ಪ್ರಾಯವನ್ನೋ ಎಂದು ನಾವು ಕೇಳಲು ಹೋಗಲಿಲ್ಲ.

ಬೊಲೋನಾದವರು ಕೊನೆಗೆ ಸೋತರು, ಅಥವಾ ಸೋಲನ್ನು ಜಾಣತನದಿಂದ ಒಪ್ಪಿಕೊಂಡರು. 2006ರ ನವೆಂಬರಿನಲ್ಲಿ ಮಿಲಾನಿನ ಪ್ರದರ್ಶನದಲ್ಲಿ '1098' ಕಾಣಿಸಿಕೊಂಡಿತು. ಜಿಯಾನಾಂದ್ರೆಯಾ ಫಾಬ್ರೊ ಬರೆದ ರೂಪ. ದೀಪಗಳು ಮತ್ತೆ ಅಕ್ಕಪಕ್ಕ. ತೋಳು ಮತ್ತೆ ಒಂದೇ. ಒಕ್ಕಲು ಸಂತುಷ್ಟವಾಯಿತು, ಮಾರಾಟವೂ ಏರಿತು, 2008ರಲ್ಲಿ ಬೇಲಿಸ್ ಇದರ ಮೇಲೆಯೂ ವಿಶ್ವಪ್ರಶಸ್ತಿ ಗೆದ್ದ. ಟೆರ್ಬ್ಲಾಂಶ್ ಅಷ್ಟರಲ್ಲಿ ಡುಕಾಟಿಯನ್ನು ಬಿಟ್ಟಿದ್ದ. ಈ ಭಾಗವನ್ನು ಹೇಳುವಾಗ ನಮ್ಮ ತರುಣನ ಸ್ವರ ಇಳಿದಿತ್ತು. "ಅವನು ಮಾಡಿದ್ದು ಕೆಟ್ಟದ್ದೇನಪ್ಪಾ?" ಎಂದೆವು. "ಇಲ್ಲ ಬುದ್ಧಿ. ಈಗ ಅದನ್ನೇ ಹುಡುಕಿ ಕೊಳ್ಳುವವರಿದ್ದಾರೆ. ಕಾಲಕ್ಕೆ ಮೊದಲು ಬಂತು ಅನ್ನುತ್ತಾರೆ" ಎಂದ. ಹಾಗೆ ಹೇಳುತ್ತ ಹೇಳುತ್ತ ಅವನೇ ಎದ್ದು ಕುಳಿತುದನ್ನು ಕಂಡೆವು. ಪ್ರಸಾದ ಮುಗಿಸಿ ರಾತ್ರಿಯ ಬಸ್ಸಿಗೆ ಹೊರಟ. ಕೆಲಸವನ್ನು ಬಿಡಲಿಲ್ಲ.

ಆದರೆ ಕಥೆ ಅಲ್ಲಿಗೆ ನಿಲ್ಲಲಿಲ್ಲ. 1098ರ ಅನಂತರ ಒಂಟಿ ತೋಳು ಒಂದು ಅಂತಸ್ತಿನ ಗುರುತಾಯಿತು. 2013ರಲ್ಲಿ ಅದೇ ಕಾರ್ಖಾನೆಯಿಂದ 899 ಎಂಬ ಕಿರಿಯ ವಾಹನ ಬಂದಾಗ ಅದಕ್ಕೆ ಎರಡು ತೋಳುಗಳನ್ನಿಟ್ಟರು. ಹಿರಿಯದಕ್ಕೆ ಒಂದು, ಕಿರಿಯದಕ್ಕೆ ಎರಡು ಎಂಬ ವಿಲಕ್ಷಣ ಲೆಕ್ಕ ಏರ್ಪಟ್ಟಿತು. ನಮ್ಮ ಪರಂಪರೆಯಲ್ಲಿ ಅರಿವು ಕುರುಹು ಎಂಬ ಎರಡು ಮಾತುಗಳಿವೆ. ಅರಿವಿಗೆ ಕೈಹಿಡಿದು ನಡೆಸಲು ಕುರುಹು. ಇಲ್ಲಿ ಚಕ್ರ ಬದಲಿಸುವ ಅಗತ್ಯವೆಂಬ ಅರಿವು ಎಂದೋ ಮಾಸಿಹೋಗಿ, ಕುರುಹು ತನ್ನ ಬಲದ ಮೇಲೆ ತಾನೇ ನಿಂತುಬಿಟ್ಟಿತ್ತು. ಹಾಗೆ ನಿಂತ ಕುರುಹನ್ನು ತೆಗೆಯಹೋದವನಿಗೆ ಯುಕ್ತಿಯೊಂದೇ ಸಾಲದು ಎಂಬುದನ್ನು ನಾವು ಮಠದ ಆಡಳಿತದಲ್ಲಿಯೂ ಕಂಡಿದ್ದೇವೆ; ಆ ವಿಸ್ತಾರ ಇಲ್ಲಿ ಬೇಡ.

2024ರ ಜುಲೈನಲ್ಲಿ, ಮಿಸಾನೋ ಪಂದ್ಯಾಂಗಣದಲ್ಲಿ ಅಭಿಮಾನಿಗಳು ನೆರೆದಿದ್ದ ಸಮ್ಮೇಳನದಲ್ಲಿಯೇ, ಡುಕಾಟಿಯವರು ಹೊಸ ಪನಿಗಾಲೆ ವಿ4 ವಾಹನವನ್ನು ಅನಾವರಣಗೊಳಿಸಿದರು. ಎರಡು ತೋಳು! ಅವರು ಕೊಟ್ಟ ಕಾರಣ ಗಟ್ಟಿಯಾದದ್ದು. ತಿರುವಿನಲ್ಲಿ ವಾಹನ ನೆಲದ ಕಡೆಗೆ ಬಹುವಾಗಿ ಒರಗಿದಾಗ, ಮೇಲೆ ಕೆಳಗೆ ಆಡುವ ಸ್ಪ್ರಿಂಗುಗಳು ರಸ್ತೆಯ ಏರುತಗ್ಗುಗಳನ್ನು ಸರಿಯಾಗಿ ನುಂಗಲಾರವು. ಆಗ ತೋಳೇ ಅಡ್ಡಕ್ಕೆ ತುಸು ಬಳುಕಿ ಟೈರನ್ನು ನೆಲಕ್ಕೆ ಅಂಟಿಸಿಡಬೇಕು. ಒಂಟಿ ತೋಳನ್ನು ಭಾರ ತಾಳಲೆಂದು ಬಿಗಿಯಾಗಿ ಮಾಡಲೇಬೇಕಾಗುವುದರಿಂದ ಅದು ಬಳುಕದು. ಟೊಳ್ಳಾದ ಎರಡು ತೋಳುಗಳಿಂದ ಅಡ್ಡಬಿಗುವು ಶೇಕಡಾ 37ರಷ್ಟು ಇಳಿಯಿತೆಂದೂ ತೂಕವೂ ಕಡಿಮೆಯಾಯಿತೆಂದೂ ಕಾರ್ಖಾನೆ ತಿಳಿಸಿತು. 2022 ಮತ್ತು 2023ರಲ್ಲಿ ಫ್ರಾನ್ಸೆಸ್ಕೊ ಬನ್ಯಾಯಾ ಮೋಟೋ ಜಿಪಿ ವಿಶ್ವಪ್ರಶಸ್ತಿ ಗೆದ್ದ ಡುಕಾಟಿಯ ಪಂದ್ಯದ ವಾಹನಕ್ಕೂ ತೋಳು ಎರಡೇ. ಒಕ್ಕಲಿನ ಮುನಿಸನ್ನು ಮುಂಗಂಡಿದ್ದ ಕಾರ್ಖಾನೆ ಈ ಸಲ ಮುಖದ ದೀಪಗಳನ್ನು 916ರ ಕಿರುಗಣ್ಣುಗಳ ನೆನಪಾಗುವಂತೆ ತಿದ್ದಿತ್ತು. ಒಂದನ್ನು ಕಿತ್ತುಕೊಳ್ಳುವ ಕೈ ಇನ್ನೊಂದನ್ನು ನೀಡಿತು. ಆದರೂ 2002ರ ಕೂಗು ಮತ್ತೆ ಕೇಳಿಬಂದಿತು. ನಮ್ಮ ತರುಣ ಅಂದು ದೂರವಾಣಿಯಲ್ಲಿ ಈ ಕಾರಣಗಳನ್ನೆಲ್ಲ ಚೊಕ್ಕವಾಗಿ ವಿವರಿಸಿ, "ಲೆಕ್ಕದ ಪ್ರಕಾರ ಅವರು ಮಾಡಿದ್ದೇ ಸರಿ, ಬುದ್ಧಿ" ಎಂದ. ತುಸು ತಡೆದು, "ಆದರೂ ಒಂಟಿ ತೋಳೇ ಚೆಂದವಿತ್ತು" ಎಂದೂ ಸೇರಿಸಿದ.

ಒಂಟಿ ತೋಳು ಬೋರ್ಗೊ ಪನಿಗಾಲೆಯಿಂದ ಮಾಯವಾಗಿಲ್ಲ. 2023ರ ಡಯಾವೆಲ್ ವಿ4 ಎಂಬ ವಾಹನಕ್ಕೆ ಅದನ್ನು ಉಳಿಸಿಕೊಂಡಿದ್ದಾರೆ. ಅದು ಅಗಲವಾದ ಹಿಂಬದಿ ಟೈರಿನ, ಮೈದುಂಬಿದ ವಾಹನ. ರಾಜಬೀದಿಯಲ್ಲಿ ನಾಲ್ಕು ಜನ ತಿರುಗಿ ನೋಡಲೆಂದು ಮಾಡಿದ್ದು. ಪಂದ್ಯದಲ್ಲಿ ಅದರ ಚಕ್ರವನ್ನು ಅವಸರದಿಂದ ಬದಲಿಸುವವರು ಯಾರೂ ಇಲ್ಲ.